ಸೋರದ ಗಾಜು

ಮಳೆಗಾಲದಲ್ಲಿ ಶೀನಣ್ಣನವರ ಫಿಯೆಟ್ ಕಾರಿನೊಳಗೆ ಕೊಡೆ ಬಿಚ್ಚಿಕೊಂಡೇ ಕೂರಬೇಕು ಎಂದು ಎನ್.ಆರ್. ಕಾಲೋನಿಯ ಜನ ನಗಾಡುತ್ತಿದ್ದರು. ಕೊಡೆಯ ಮಾತು ಸುಳ್ಳು. ಜನಕ್ಕೆ ನಗುವುದಕ್ಕೆ ಏನಾದರೊಂದು ಬೇಕು. ಆದರೆ ಅವರ ಹೆಂಡತಿ ಕಾವೇರಮ್ಮ ಮುಂದಿನ ಸೀಟಿನಲ್ಲಿ ಮಡಿಲಲ್ಲೊಂದು ಸ್ಟೀಲಿನ ಬೋಗುಣಿ ಇಟ್ಟುಕೊಂಡು ಕೂರುತ್ತಿದ್ದದ್ದು ಮಾತ್ರ ನಿಜ. ಮುಂದಿನ ಗಾಜಿನ ಮೇಲಂಚಿನಿಂದ ನೀರು ತೊಟ್ಟಿಕ್ಕಿ ಸರಿಯಾಗಿ ಆಕೆಯ ಮಡಿಲಿಗೇ ಬೀಳುತ್ತಿತ್ತು. ಬೋಗುಣಿ ತುಂಬಿದಾಗ ಕಿಟಕಿಯಿಂದ ಕೈ ಹೊರಗೆ ಹಾಕಿ ಚೆಲ್ಲಿಬಿಡುತ್ತಿದ್ದರು.

ನಗಬಾರದ ಸಂಗತಿಯೂ ಒಂದಿತ್ತು. ಕಾವೇರಮ್ಮನಿಗೆ ಉಬ್ಬಸ. ಕಾಲಡಿಯ ಹಾಸು ನೆನೆದು ನೆನೆದು ಬೂಷ್ಟು ಹಿಡಿದಿತ್ತು. ಕಾರಿನ ಬಾಗಿಲು ತೆಗೆದರೆ ಸಾಕು, ಆ ವಾಸನೆಗೆ ಆಕೆಯ ಎದೆ ಕಟ್ಟುತ್ತಿತ್ತು. ಉಬ್ಬಸ ಜೋರಾದಾಗ ಇಂಜೆಕ್ಷನ್ನಿಗೆಂದು ಆಸ್ಪತ್ರೆಗೆ ಓಡಬೇಕಾದದ್ದೂ ಅದೇ ಕಾರಿನಲ್ಲಿ. ಎಪ್ಪತ್ತೆಂಟನೇ ಇಸವಿಯ ಮಳೆ ನವರಾತ್ರಿ ಬಂದರೂ ಬಿಡುವ ಲಕ್ಷಣ ತೋರಲಿಲ್ಲ. ಆಯುಧಪೂಜೆಯ ಹಿಂದಿನ ದಿನ ಗಂಡ ಹೆಂಡತಿ ಇಬ್ಬರೂ ಕಾರು ತಂದು ಚಾಮರಾಜಪೇಟೆಯ ಗಾಜಿನ ಲಕ್ಷ್ಮಯ್ಯನ ಶೆಡ್ಡಿನ ಮುಂದೆ ನಿಲ್ಲಿಸಿದರು.

ಲಕ್ಷ್ಮಯ್ಯನ ಶೆಡ್ಡು ಮೈಸೂರು ರಸ್ತೆಗೆ ತೆರೆದುಕೊಂಡ ಒಂದು ಗಲ್ಲಿಯ ಬಾಯಲ್ಲಿತ್ತು. ಅಲ್ಲಿ ಕೂತರೆ ರಸ್ತೆಯ ಮೇಲೆ ಹೋಗಿಬರುವ ಗಾಡಿಗಳೆಲ್ಲ ಕಾಣುತ್ತಿದ್ದವು: ಬಸ್ಸು, ಅಂಬಾಸಡರ್, ಎತ್ತಿನಗಾಡಿ, ಆಗಾಗ ಸಾಲುಗಟ್ಟಿ ಬರುವ, ಇನ್ನೂ ಬಾಡಿ ಕಟ್ಟದ ಹೊಸ ಲಾರಿಗಳು. ಗಾಜಿರುವ ಗಾಡಿ ಬಂದರೆ ಲಕ್ಷ್ಮಯ್ಯ ಬೀಡಿ ಕಚ್ಚಿಕೊಂಡೇ ಗಾಜು ಯಾವ ಕಾಲದ್ದು, ರಬ್ಬರು ಎಷ್ಟು ಸವೆದಿದೆ ಎಂದು ಹೇಳುತ್ತಿದ್ದ. ಗಾಜಿಲ್ಲದ ಲಾರಿಗಳಿಂದ ಅವನಿಗೆ ಆಗಬೇಕಾದದ್ದು ಏನೂ ಇರಲಿಲ್ಲ. ಅವು ಬಂದಾಗ ಧೂಳಿಗೆ ಮೂಗು ಮುಚ್ಚಿಕೊಂಡು ಆಚೆ ತಿರುಗಿ ಕೂರುತ್ತಿದ್ದ.

ಗಾಜು ಕೂರಿಸುವುದು ಇಬ್ಬರ ಕೆಲಸ. ಗಾಜಿನ ಸುತ್ತ ರಬ್ಬರಿನ ಪಟ್ಟಿ ತೊಡಿಸಿ, ಆ ಪಟ್ಟಿಯ ಸೀಳಿನೊಳಗೆ ಉದ್ದಕ್ಕೂ ಒಂದು ಹುರಿ ತುಂಬಬೇಕು. ಒಬ್ಬ ಹೊರಗಡೆ ನಿಂತು ಗಾಜನ್ನು ಅಂಗೈಯಿಂದ ಒತ್ತುತ್ತಾ ತಟ್ಟುತ್ತಾ ಇರಬೇಕು, ಇನ್ನೊಬ್ಬ ಒಳಗೆ ಕೂತು ಹುರಿಯನ್ನು ನಿಧಾನವಾಗಿ ಎಳೆಯಬೇಕು. ಹುರಿ ಬಂದಂತೆಲ್ಲ ರಬ್ಬರಿನ ತುಟಿ ತಗಡಿನ ಅಂಚನ್ನು ಕಚ್ಚಿಕೊಳ್ಳುತ್ತದೆ. ಒಳಗೆ ಕೂತು ಎಳೆಯುವವನು ಲಕ್ಷ್ಮಯ್ಯ, ಹೊರಗೆ ನಿಂತು ತಟ್ಟುವವನು ಅವನ ಹೆಂಡತಿ ನರಸಮ್ಮನ ತಮ್ಮ ಮುನಿರಾಮಪ್ಪ. ಮುನಿರಾಮಪ್ಪನಿಗೆ ಇದ್ದದ್ದು ಒಂದೇ ಕಣ್ಣು.

ಇನ್ನೊಂದು ಕಣ್ಣು ಹೋದದ್ದು ಎರಡು ವರ್ಷದ ಕೆಳಗಿನ ಆಯುಧಪೂಜೆಯ ದಿನ. ಯಾರೋ ದೊಡ್ಡ ಮನುಷ್ಯನಿಗೆ ಹಬ್ಬದ ದಿನವೇ ಕಾರು ಬೇಕಾಗಿತ್ತು. ಪೂಜೆಗೆ ಕೂರಿಸಿದ್ದ ಆಯುಧಗಳನ್ನು ಮಾರನೇ ದಿನದ ಮಂಗಳಾರತಿಯವರೆಗೆ ಮುಟ್ಟಬಾರದು ಎಂಬುದು ಗೊತ್ತಿದ್ದೂ ಲಕ್ಷ್ಮಯ್ಯ ಕುಂಕುಮ ಒರೆಸಿ ಎತ್ತಿಕೊಂಡ. ತಟ್ಟುತ್ತಿದ್ದಂತೆ ಗಾಜು ಸಿಡಿಯಿತು. ಒಂದು ಚೂರು ಮುನಿರಾಮಪ್ಪನ ಎಡಗಣ್ಣಿಗೆ ಹೊಕ್ಕಿತು. ಇನ್ನು ಮುಂದೆ ಪೂಜೆಗಿಟ್ಟ ಆಯುಧ ಮುಟ್ಟುವುದಿಲ್ಲ ಎಂದು ನರಸಮ್ಮ ಗಂಡನನ್ನು ಗವಿಪುರದ ಗಂಗಾಧರೇಶ್ವರನ ಮುಂದೆ ನಿಲ್ಲಿಸಿ ಹರಕೆ ಹೊರಿಸಿದಳು. ಲಕ್ಷ್ಮಯ್ಯನೂ ಹೆದರಿ ಅಡ್ಡಬಿದ್ದಿದ್ದ. ತಮ್ಮನ ಗುಳಿಬಿದ್ದ ಕಣ್ಣು ದಿನಾ ಎದುರಿಗಿರುವಾಗ ಆ ಹರಕೆ ಮರೆಯುವಂಥದ್ದಲ್ಲ.

ಶೀನಣ್ಣನವರ ಕಾರಿನ ರಬ್ಬರು ಬಿಚ್ಚಿದಾಗ ಸೋರುವುದರ ಗುಟ್ಟು ಹೊರಬಿತ್ತು. ಮೇಲಂಚಿನಲ್ಲಿ, ಕಾವೇರಮ್ಮನ ಸೀಟಿನ ನೇರಕ್ಕೆ, ರಬ್ಬರಿನ ಒಳಗೆ ಕಪ್ಪಗೆ ಕೊಳೆತ ಕಡ್ಡಿಗಳು ಒತ್ತಾಗಿ ತುಂಬಿಕೊಂಡಿದ್ದವು. ಲಕ್ಷ್ಮಯ್ಯ ಒಂದನ್ನು ಎಳೆದು ಮೂಸಿ ನೋಡಿದ.

"ಏನಮ್ಮ ಇದು, ಸೇವಂತಿಗೆ ಕಡ್ಡಿ ಥರ ಐತೆ?"

ಕಾವೇರಮ್ಮ ನಾಚಿಕೊಂಡರು. "ಪ್ರತಿ ಶುಕ್ರವಾರ ಒಂದು ಹೂ ಸಿಕ್ಕಿಸ್ತೀನಪ್ಪ. ಕಾರಿಗೂ ಲಕ್ಷ್ಮಿ ಅಲ್ವೇ? ಬಾಡಿದ್ಮೇಲೆ ಹೂ ಕಿತ್ತು ಬಿಸಾಕ್ತೀನಿ, ಕಡ್ಡಿ ಅಲ್ಲೇ ಮುರ್ಕೊಂಡಿರತ್ತೆ."

"ಎಷ್ಟು ವರ್ಷದಿಂದ?"

"ಕಾರು ತಗೊಂಡಾಗಿನಿಂದ."

"ನೋಡಿದ್ರಾ," ಶೀನಣ್ಣ ಬಾಯಿ ಹಾಕಿದರು. "ನಾನು ಫಿಯೆಟ್ ಕಂಪನಿಯೋರನ್ನ ಬೈಕೊಂಡು ಓಡಾಡ್ತಿದ್ದೆ. ಶತ್ರು ಪಕ್ಕದ ಸೀಟಲ್ಲೇ ಇದ್ದಾಳೆ."

ಎಲ್ಲರೂ ನಕ್ಕರು. ಕಾವೇರಮ್ಮ ಎಲ್ಲರಿಗಿಂತ ಜೋರಾಗಿ ನಕ್ಕು, ನಗು ಕೆಮ್ಮಾಗಿ, ಕೆಮ್ಮು ಸೀಟಿಯಾಗಿ, ಕೊನೆಗೆ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತರು. ನರಸಮ್ಮ ಓಡಿಬಂದು ಬೆನ್ನು ನೀವಿ ಬಿಸಿನೀರು ಕೊಟ್ಟಳು. ನೀರು ಕುಡಿದು ಸುಧಾರಿಸಿಕೊಂಡ ಕಾವೇರಮ್ಮ ಮುನಿರಾಮಪ್ಪನ ಕಣ್ಣಿನ ಕತೆ ಕೇಳಿ ತಿಳಿದುಕೊಂಡು, "ಅಯ್ಯೋ ಪಾಪ" ಎಂದು ಎರಡು ಸಲ ಹೇಳಿದರು. ನರಸಮ್ಮನಿಗೆ ಆಕೆ ಹಿಡಿಸಿಬಿಟ್ಟರು.

ತಗಡಿನ ಅಂಚು ತುಕ್ಕು ಹಿಡಿದಿತ್ತು. ಅದನ್ನು ಉಜ್ಜಿ, ಕೆಂಪು ಬಣ್ಣ ಬಳಿದು, ಒಂದು ರಾತ್ರಿ ಒಣಗಲು ಬಿಡಬೇಕಾಗಿತ್ತು. "ನಾಳೆ ಆಯುಧಪೂಜೆ, ನಾನು ಕೈ ಹಾಕಂಗಿಲ್ಲ. ನಾಡಿದ್ದು ವಿಜಯದಶಮಿ ದಿನ ಬೆಳಗ್ಗೇನೇ ಕೂರಿಸ್ಕೊಡ್ತೀನಿ," ಎಂದ ಲಕ್ಷ್ಮಯ್ಯ. ಹಬ್ಬದ ದಿನ ತಾವು ಎಲ್ಲಿಗೂ ಹೋಗುವವರಲ್ಲ ಎಂದು ಹೇಳಿ ಶೀನಣ್ಣ ಬೀಗದ ಕೈ ಕೊಟ್ಟರು. ಇಬ್ಬರೂ ಬಸ್ಸಿನಲ್ಲಿ ಮನೆಗೆ ಹೋದರು.

ಮಾರನೇ ದಿನ ಬೆಳಿಗ್ಗೆ ಶೆಡ್ಡು ತೊಳೆದು, ಸಾರಿಸಿ, ಮಾವಿನೆಲೆ ಕಟ್ಟಿದ್ದಾಯಿತು. ಮಣೆಯ ಮೇಲೆ ಕೊಕ್ಕೆ, ರಬ್ಬರಿನ ಸುತ್ತಿಗೆ, ಹುರಿ, ಪಟ್ಟಿ ಹೆರೆಯುವ ಉಳಿ ಎಲ್ಲವನ್ನೂ ಸಾಲಾಗಿ ಇಟ್ಟು ನರಸಮ್ಮ ಕುಂಕುಮವಿಟ್ಟಳು. ಗಾಜು ಕಳಚಿ ನಿಂತ ಫಿಯೆಟ್ಟಿನ ಮೂತಿಗೂ ಒಂದು ಹಾರ ಹಾಕಿದಳು. ಗಾಜು ಗೋಣಿಚೀಲ ಹೊದ್ದು ಗೋಡೆಗೆ ಒರಗಿತ್ತು. ಆ ದಿನದ ಮಂಗಳಾರತಿ ಮುಗಿದು, ಮುನಿರಾಮಪ್ಪ ಕಡ್ಲೆಪುರಿ ಬಾಯಿಗೆ ಹಾಕಿಕೊಳ್ಳುತ್ತಿದ್ದಾಗ ಸೈಕಲ್ಲೊಂದು ಬಂದು ಶೆಡ್ಡಿನ ಕಂಬಕ್ಕೇ ಗುದ್ದಿಕೊಂಡಿತು. ಸೈಕಲ್ ಮೇಲಿದ್ದವರು ಶೀನಣ್ಣ. ಪಂಚೆಯ ತುದಿ ಚೈನಿಗೆ ಸಿಕ್ಕಿ ಹರಿದಿತ್ತು. ಷರಟಿನ ಗುಂಡಿಗಳು ಹೆಚ್ಚುಕಡಿಮೆಯಾಗಿದ್ದವು.

"ಲಕ್ಷ್ಮಯ್ಯ, ಕಾವೇರಿಗೆ ಉಬ್ಬಸ ಬಂದ್ಬಿಟ್ಟಿದೆ. ಬೆಳಗ್ಗೆ ಪೂಜೆಗೆ ಅಂತ ಸಾಂಬ್ರಾಣಿ ಹಾಕಿದ್ಲು. ಮಾತ್ರೆಗೆ ಜಗ್ತಾ ಇಲ್ಲ. ತುಟಿ ನೀಲಿ ಆಗಿದೆ."

"ಆಟೋ ಸಿಗಲಿಲ್ವಾ ಸ್ವಾಮಿ?"

"ಎಲ್ಲಾ ಆಟೋನೂ ತೊಳೆದು ಹಾರ ಹಾಕಿ ನಿಲ್ಲಿಸಿದಾರೆ. ಕುಂಬಳಕಾಯಿ ಒಡೀದೆ ಚಕ್ರ ಉರುಳಿಸೋಲ್ವಂತೆ. ಪಕ್ಕದ ಮನೆ ವರದರಾಜನ ಸೈಕಲ್ ಕಿತ್ಕೊಂಡು ಬಂದೆ. ಗಾಜು ಕೂರಿಸಿ ಕಾರು ಕೊಟ್ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ನಿಜಕ್ಕೂ ಬಗ್ಗಿದರು. ತನಗಿಂತ ಹಿರಿಯ, ಹೆಗಲ ಮೇಲೆ ಜನಿವಾರ ಕಾಣುತ್ತಿದ್ದ ಮನುಷ್ಯ ಶೆಡ್ಡಿನ ಸಗಣಿನೆಲಕ್ಕೆ ಬಗ್ಗಿದ್ದನ್ನು ಕಂಡು ಲಕ್ಷ್ಮಯ್ಯ ಮುಂದೆ ಧಾವಿಸಿದ. ಹಿಡಿದು ಎಬ್ಬಿಸಿದ. ಎಬ್ಬಿಸಿದ ಮೇಲೆ ಏನು ಮಾಡಬೇಕೋ ತಿಳಿಯದೆ ಮಣೆಯ ಕಡೆ ನೋಡಿದ. ಮಣೆಗೂ ಅವನಿಗೂ ನಡುವೆ ನರಸಮ್ಮ ನಿಂತಿದ್ದಳು.

"ಬ್ಯಾಡ ಕಣ್ರೀ," ಎಂದಳು ಅವಳು. ಅವಳಿಗೆ ಅಳು ಬಂದುಬಿಟ್ಟಿತ್ತು. ಕಾವೇರಮ್ಮನ ಬೆನ್ನು ನೀವಿದ ಕೈಯದು. "ಆ ತಾಯಿಗೆ ಹಿಂಗಾಗಬಾರದು, ನನಗೆ ಗೊತ್ತು. ಆದ್ರೆ ದೇವರ ಮುಂದೆ ಆಡಿದ ಮಾತು. ಇರೋ ಒಂದು ಕಣ್ಣೂ ಹೋದ್ರೆ ನನ್ನ ತಮ್ಮ ಏನ್ ಮಾಡ್ಬೇಕು?"

ಲಕ್ಷ್ಮಯ್ಯ ಅತ್ತ ನೋಡಿದ, ಇತ್ತ ನೋಡಿದ. ಒಂದು ಕಡೆ ದೇವರು, ಒಂದು ಕಡೆ ಉಸಿರಿಗೆ ಒದ್ದಾಡುತ್ತಿರುವ ಹೆಂಗಸು. ತಲೆಯೊಳಗೆ ಬೇರೆ ಯಾವುದಕ್ಕೂ ಜಾಗವಿರಲಿಲ್ಲ. ಶೀನಣ್ಣ ಗಾಜು ಕೂರಿಸಿ ಎಂದು ಕೇಳಿದ್ದರು. ಕೂರಿಸುವುದೋ ಬಿಡುವುದೋ ಎಂಬುದಷ್ಟೇ ಅವನಿಗೆ ಪ್ರಶ್ನೆಯಾಗಿತ್ತು. ಅವನ ಶೆಡ್ಡಿಗೆ ಬಂದ ಯಾವ ಗಾಡಿಯೂ ಗಾಜು ಕೂರದೆ ಹೊರಗೆ ಹೋಗಿದ್ದಿಲ್ಲ.

ಮುನಿರಾಮಪ್ಪ ಕಡ್ಲೆಪುರಿಯ ತಟ್ಟೆ ಕೆಳಗಿಟ್ಟು ಎದ್ದ. "ಅಕ್ಕ, ಈಚೆ ಬಾ. ಕಣ್ಣು ಕಳ್ಕೊಂಡೋನು ನಾನು. ನಾನೇ ಹೇಳ್ತಿದೀನಿ. ತಗೋ ಬಾವ."

ನರಸಮ್ಮ ಒಂದು ಗಳಿಗೆ ತಮ್ಮನ ಮುಖ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಪಕ್ಕಕ್ಕೆ ಸರಿದಳು. ಲಕ್ಷ್ಮಯ್ಯ ಮನಸ್ಸಿನಲ್ಲೇ ಗಂಗಾಧರೇಶ್ವರನ ಮುಂದೆ ಕೈಮುಗಿದು, ಏನಾದರೂ ಆಗುವುದಿದ್ದರೆ ನನಗೇ ಆಗಲಿ ಎಂದು ಬೇಡಿಕೊಂಡು, ಕುಂಕುಮ ಹತ್ತಿದ ಹುರಿಯನ್ನು ಎತ್ತಿಕೊಂಡ.

ಅವನು ಬದುಕಿನಲ್ಲಿ ಅಷ್ಟು ಜೋರಾಗಿ ಕೆಲಸ ಮಾಡಿದ್ದಿಲ್ಲ. ಗಾಜಿಗೆ ರಬ್ಬರು ತೊಡಿಸಿದ. ಪಟ್ಟಿಯ ಸೀಳಿಗೆ ಹುರಿ ತುಂಬಿದ. ತಗಡಿನ ಅಂಚಿಗೆ ಬಳಿಯುವ ಕಪ್ಪು ಪೇಸ್ಟಿನ ಡಬ್ಬಿ ತೆಗೆದಾಗ ಶೀನಣ್ಣ, "ಅದೆಲ್ಲ ಬೇಡ ಲಕ್ಷ್ಮಯ್ಯ, ಸೋರಿದ್ರೆ ಸೋರ್ಲಿ," ಎಂದರು.

"ಎರಡೇ ನಿಮಿಷ ಸ್ವಾಮಿ. ಪೇಸ್ಟ್ ಇಲ್ದೇ ಕೂರಿಸಿದ್ರೆ ದಾರೀಲಿ ಬಿದ್ಗಿದ್ದೋದೀತು."

ಬೀಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕೈಗೆ ಅಭ್ಯಾಸವಾಗಿಹೋಗಿತ್ತು, ಅಷ್ಟೆ. ಸೋರುವ ಕೆಲಸ ಮಾಡಿ ಕಳಿಸಲು ಆ ಕೈ ಒಪ್ಪಲಿಲ್ಲ. ಮೇಲಂಚಿನಲ್ಲಿ, ಹೂವಿನ ಕಡ್ಡಿ ತುಂಬಿದ್ದ ಜಾಗದಲ್ಲಿ, ಎರಡು ಪಟ್ಟು ಬಳಿದ. ಆಮೇಲೆ ಅವನು ಒಳಗೆ ಕೂತು ಹುರಿ ಹಿಡಿದ, ಮುನಿರಾಮಪ್ಪ ಹೊರಗಿನಿಂದ ಅಂಗೈ ಇಟ್ಟ. ಬಲಮೂಲೆಗೆ ಬಂದಾಗ ಹುರಿ ಸಿಕ್ಕಿಹಾಕಿಕೊಂಡಿತು. ಎಳೆದರೆ ತುಂಡಾಗುತ್ತದೆ. ಗಾಜು ಮತ್ತೆ ಇಳಿಸಿ, ಮತ್ತೆ ಹುರಿ ತುಂಬಿ, ಮತ್ತೆ ಮೊದಲಿನಿಂದ ಶುರುಮಾಡಿದರು. ಮುನಿರಾಮಪ್ಪ ಒಂದೇ ಕಣ್ಣನ್ನು ಅರೆಮುಚ್ಚಿಕೊಂಡು, ಮುಖ ಆಚೆ ತಿರುಗಿಸಿಕೊಂಡು ತಟ್ಟುತ್ತಿದ್ದ. ಶೀನಣ್ಣ ಶೆಡ್ಡಿನ ಬಾಗಿಲಿಗೂ ಕಾರಿಗೂ ಓಡಾಡುತ್ತಿದ್ದರು. ನರಸಮ್ಮ ಮಣೆಯ ಮುಂದೆ ಕೂತು ತಪ್ಪಾಯಿತು ತಪ್ಪಾಯಿತು ಎಂದು ಕೆನ್ನೆ ಬಡಿದುಕೊಳ್ಳುತ್ತಿದ್ದಳು.

ಗಾಜು ಸಿಡಿಯಲಿಲ್ಲ. ಹುರಿ ಪೂರ್ತಿ ಬಂತು, ರಬ್ಬರು ಸುತ್ತಲೂ ಕಚ್ಚಿಕೊಂಡು ಕೂತಿತು. ಶೀನಣ್ಣ ಕಾರು ಹತ್ತಿ, ಹಾರದ ಸಮೇತ, ಗಲ್ಲಿಯಿಂದ ಹೊರಬಿದ್ದರು. ವರದರಾಜನ ಸೈಕಲ್ಲು ಶೆಡ್ಡಿನಲ್ಲೇ ಉಳಿಯಿತು. ಲಕ್ಷ್ಮಯ್ಯ ಬೆವರು ಒರೆಸಿಕೊಂಡು, ಹೆಂಡತಿಯ ಕಡೆ ನೋಡದೆ, "ಆಯ್ತಲ್ಲ, ಏನೂ ಆಗ್ಲಿಲ್ಲ," ಎಂದ. ದೇವರು ಅರ್ಥ ಮಾಡಿಕೊಂಡ ಎಂದೇ ಅವನಿಗೆ ಅನ್ನಿಸಿತು. ಒಂದು ಒಳ್ಳೆಯ ಕೆಲಸ ಮಾಡಿದ ಹೆಮ್ಮೆಯೂ ಆಯಿತು, ಸುಳ್ಳೇಕೆ.

ಮಾರನೇ ದಿನ ವರದರಾಜ ಸೈಕಲ್ ಒಯ್ಯಲು ಬಂದ. ಕಾವೇರಮ್ಮ ಹೋಗಿಬಿಟ್ಟರು ಎಂದು ಅವನೇ ಹೇಳಿದ್ದು. ಶೀನಣ್ಣ ಮನೆ ಮುಟ್ಟುವಾಗ ಇನ್ನೂ ಉಸಿರಿತ್ತಂತೆ. ಎತ್ತಿ ಅದೇ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟರಂತೆ. ಆಸ್ಪತ್ರೆಯ ದಾರಿಯ ಮಕ್ಕಳ ಕೂಟದ ಸರ್ಕಲ್ ದಾಟುವ ಹೊತ್ತಿಗೆ ತಲೆ ವಾಲಿತಂತೆ. "ಒಂದ್ ಹತ್ತು ನಿಮಿಷ ಮುಂಚೆ ತಂದಿದ್ರೆ ಅಂದ್ರಂತೆ ಡಾಕ್ಟ್ರು," ಎಂದು ವರದರಾಜ ಪೆಡಲ್ ತುಳಿದ.

ನರಸಮ್ಮ ಗಂಡನ ಜೊತೆ ಮಾತು ಬಿಟ್ಟಳು. ಅವಳ ಲೆಕ್ಕದಲ್ಲಿ ಎಲ್ಲ ಸ್ಪಷ್ಟವಾಗಿತ್ತು. ಹರಕೆ ಮುರಿದಿದ್ದಕ್ಕೆ ದೇವರು ತಮ್ಮನ ಕಣ್ಣು ಬಿಟ್ಟು ಆ ತಾಯಿಯನ್ನು ತೆಗೆದುಕೊಂಡಿದ್ದ. ಲಕ್ಷ್ಮಯ್ಯನಿಗೆ ಆ ಲೆಕ್ಕದಿಂದ ನೋವಾದರೂ ಅದು ತಡೆದುಕೊಳ್ಳುವಂಥದ್ದಾಗಿತ್ತು. ದೇವರು ಮಾಡಿದ್ದಾದರೆ ದೇವರ ಜೊತೆ ಜಗಳವಾಡಬಹುದು. ನಾನು ನನ್ನ ಕೈಲಾದ್ದೆಲ್ಲ ಮಾಡಿದೆ, ನೀನು ಯಾಕೆ ಹೀಗೆ ಮಾಡಿದೆ ಎಂದು ಅವನು ಕೆಲಸ ಮಾಡುತ್ತಲೇ ಗಂಗಾಧರೇಶ್ವರನನ್ನು ಬೈದ. ಬೈದು ಸ್ವಲ್ಪ ಹಗುರವಾದ.

ಆ ಹಗುರವೂ ಬಹಳ ದಿನ ಉಳಿಯಲಿಲ್ಲ. ಒಂದು ಮಧ್ಯಾಹ್ನ ಬಾವ ಬಾಮೈದ ಇಬ್ಬರೂ ಗಲ್ಲಿಯ ಬಾಯಲ್ಲಿ ಟೀ ಕುಡಿಯುತ್ತಾ ನಿಂತಿದ್ದಾಗ ಮೈಸೂರು ರಸ್ತೆಯಲ್ಲಿ ಆ ಬಾಡಿ ಕಟ್ಟದ ಲಾರಿಗಳ ಸಾಲು ಬಂತು. ಎಂಜಿನ್ನು, ಚಕ್ರ, ಸ್ಟೇರಿಂಗು, ಕೂರಲು ಒಂದು ಹಲಗೆ, ಅಷ್ಟೇ. ಮೇಲೆ ಚಾವಣಿ ಇಲ್ಲ, ಎದುರಿಗೆ ಗಾಜಿಲ್ಲ. ಡ್ರೈವರುಗಳು ತಲೆಗೂ ಮುಖಕ್ಕೂ ಟವೆಲ್ ಸುತ್ತಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು, ಗಾಳಿಗೆ ಎದೆಯೊಡ್ಡಿ ಓಡಿಸುತ್ತಿದ್ದರು. ಲಕ್ಷ್ಮಯ್ಯ ಎಂದಿನಂತೆ ಧೂಳಿಗೆ ಮೂಗು ಮುಚ್ಚಿಕೊಂಡು ಆಚೆ ತಿರುಗಿದ.

"ಬಾವ," ಎಂದ ಮುನಿರಾಮಪ್ಪ.

ಅವನ ದನಿ ಕೇಳಿ ಲಕ್ಷ್ಮಯ್ಯ ಈಚೆ ತಿರುಗಿದ. ಮುನಿರಾಮಪ್ಪ ಲಾರಿಗಳನ್ನೇ ನೋಡುತ್ತಿದ್ದ. ಕೈಯಲ್ಲಿದ್ದ ಟೀ ಲೋಟ ವಾಲಿ ಟೀ ಕಾಲ ಮೇಲೆ ಸುರಿಯುತ್ತಿತ್ತು.

"ಬಾವ, ಎಲ್ಲಿಂದ್ಲೋ ಓಡಿಸ್ಕೊಂಡು ಬರ್ತಾರೆ ಇವ್ರು. ಗಾಜಿಲ್ದೇನೇ."

ಲಕ್ಷ್ಮಯ್ಯ ನೋಡಿದ. ಒಂದಾದ ಮೇಲೆ ಒಂದು ಲಾರಿ ಹೋಯಿತು. ಫಿಯೆಟ್ಟಿನ ಎಂಜಿನ್ನು ಅವತ್ತು ಸರಿಯಾಗಿತ್ತು. ಪೆಟ್ರೋಲು ಇತ್ತು. ಬೀಗದ ಕೈ ಮೊಳೆಯಲ್ಲಿ ನೇತಾಡುತ್ತಿತ್ತು. ಮಳೆ ಕೂಡ ಇರಲಿಲ್ಲ. ಶೀನಣ್ಣ ಬಂದ ಕೂಡಲೇ ಹತ್ತಿ ಕೂತು ಹೊರಟಿದ್ದರೆ ಮುಖಕ್ಕೆ ಗಾಳಿ ಹೊಡೆಯುತ್ತಿತ್ತು, ಅಷ್ಟೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಓಡುವ ಕಾರನ್ನು ಎದುರಿಗಿಟ್ಟುಕೊಂಡು ಅವರು ನಾಲ್ಕು ಜನ ದೇವರು, ಹರಕೆ, ಹುರಿ, ಪೇಸ್ಟು ಎಂದು ಬಡಿದಾಡಿದ್ದರು. ಹರಕೆ ಮುರಿದದ್ದಲ್ಲ ಕಾವೇರಮ್ಮನನ್ನು ಕೊಂದದ್ದು. ಆ ಕೆಲಸ. ತಾನು ಹೆಮ್ಮೆಪಟ್ಟ ಆ ಕೆಲಸ. ಎರಡು ಪಟ್ಟು ಬಳಿದ ಆ ಪೇಸ್ಟು.

ಮಾತು ಬಿಟ್ಟಿದ್ದ ನರಸಮ್ಮನಿಗೆ ಆ ಸಂಜೆ ಅವನೇ ಹೇಳಿದ. ಅವಳು ಒಲೆಯ ಮೇಲಿದ್ದ ಪಾತ್ರೆ ಇಳಿಸಿ ಅವನೆದುರು ಬಂದು ಕೂತಳು. ಆಮೇಲೆ, "ಅವ್ರಿಗೆ ಹೇಳ್ಬಿಡಿ. ಒಳಗಿಟ್ಕೊಂಡ್ರೆ ನೀವು ಉಳಿಯಲ್ಲ," ಎಂದಳು.

ಹದಿಮೂರು ದಿನದ ಕರ್ಮಗಳೆಲ್ಲ ಮುಗಿದ ಮೇಲೆ ಅವನು ಎನ್.ಆರ್. ಕಾಲೋನಿಗೆ ನಡೆದುಕೊಂಡೇ ಹೋದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದ. ಶೀನಣ್ಣ ಗೇಟಿನಲ್ಲೇ ಇದ್ದರು. ತಲೆ ಬೋಳಿಸಿ ಮುಖ ಸಣ್ಣದಾಗಿತ್ತು. ಅವನನ್ನು ಕಂಡದ್ದೇ ಕೈ ಹಿಡಿದುಕೊಂಡು, ಅವನು ಎಂದೂ ದಾಟದ ಜಗಲಿಯನ್ನು ದಾಟಿಸಿ, ನಡುಮನೆಯ ಕುರ್ಚಿಯ ಮೇಲೆ ಕೂರಿಸಿದರು. ಅಲ್ಲಿದ್ದ ನೆಂಟರಿಗೆಲ್ಲ ಹೇಳಿದರು: "ಇವ್ರೇ ಲಕ್ಷ್ಮಯ್ಯ. ನಮ್ಮ ಕಾವೇರಿಗೋಸ್ಕರ ದೇವರ ಹತ್ರ ಆಡಿದ ಮಾತನ್ನೇ ಮುರಿದೋರು. ಅವತ್ತು ಇಡೀ ಬೆಂಗಳೂರಲ್ಲಿ ಒಬ್ಬ ಕೈ ಎತ್ತಲಿಲ್ಲ. ಇವ್ರೊಬ್ರು ಎತ್ತಿದ್ರು." ನೆಂಟರು ಕೈಮುಗಿದರು. ಲಕ್ಷ್ಮಯ್ಯನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

"ಸ್ವಾಮಿ, ನಿಮ್ಮತ್ರ ಒಂದು ಮಾತು ಹೇಳ್ಬೇಕು," ಎಂದ. "ಒಬ್ರೇ ಇದ್ದಾಗ."

ಶೀನಣ್ಣ ಅವನನ್ನು ಹೊರಗೆ ಕಾರಿನ ಹತ್ತಿರ ಕರೆದುಕೊಂಡು ಬಂದರು. ಬಾಡಿ ಒಣಗಿದ ಹಾರ ಇನ್ನೂ ಅದರ ಮೂತಿಯ ಮೇಲಿತ್ತು. ಲಕ್ಷ್ಮಯ್ಯ ಬಾಯಿ ತೆರೆಯುವ ಮೊದಲೇ ಅವರು ಶುರುಮಾಡಿದರು.

"ರಾತ್ರಿ ನಿದ್ದೆ ಬರೋಲ್ಲ ಲಕ್ಷ್ಮಯ್ಯ. ನಾನು ಇನ್ನೇನೋ ಮಾಡ್ಬೋದಾಗಿತ್ತು, ನನ್ನ ಕೈಯಾರೆ ಕೊಂದೆ ಅಂತ ಸಂಕಟ ಆಗತ್ತೆ. ಎದ್ದು ಕೂತ್ಕೊಂಡು ಹುಡುಕ್ತೀನಿ, ಎಲ್ಲಿ ತಪ್ಪು ಮಾಡ್ದೆ ಅಂತ. ಆಮೇಲೆ ನಿಮ್ಮನ್ನ ನೆನೆಸ್ಕೋತೀನಿ. ಇಷ್ಟೊಂದು ಮಾಡಿದ್ರಲ್ಲ ಇವ್ರು, ಇನ್ನೇನೂ ದಾರಿ ಇರಲಿಲ್ಲ, ಆಗೋದೆಲ್ಲ ಮಾಡಿದ್ವಿ ಅಂತ ಅನ್ಕೋತೀನಿ. ಆಗ ಸ್ವಲ್ಪ ಕಣ್ಣು ಮುಚ್ಚತ್ತೆ." ಅವರು ಮುಖ ಒರೆಸಿಕೊಂಡರು. "ಏನೋ ಹೇಳ್ಬೇಕು ಅಂದ್ರಲ್ಲ?"

ಬಾಯಿಪಾಠ ಮಾಡಿದ ಮಾತು ನಾಲಗೆಯ ಮೇಲೇ ಇತ್ತು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಉಗುಳಿದರೆ ತಾನು ಹಗುರವಾಗುತ್ತೇನೆ, ಈ ಮನುಷ್ಯ ಇನ್ನೆಂದೂ ಕಣ್ಣು ಮುಚ್ಚುವುದಿಲ್ಲ ಎಂದು ಲಕ್ಷ್ಮಯ್ಯನಿಗೆ ಗೊತ್ತಾಯಿತು. ಬೀಗದ ಕೈ ಕೇಳಿ ಗಾಜಿಲ್ಲದ ಕಾರನ್ನೇ ಒಯ್ಯಬಹುದು ಎಂದು ಅವತ್ತು ಶೀನಣ್ಣನವರಿಗೂ ಹೊಳೆದಿರಲಿಲ್ಲವಲ್ಲ.

"ಏನಿಲ್ಲ ಸ್ವಾಮಿ. ಗಾಜು ಸರಿಯಾಗಿ ಕೂತಿದೆಯಾ ಅಂತ ನೋಡೋಣ ಅಂತ ಬಂದೆ. ಅವತ್ತು ಅವಸರದಲ್ಲಿ ಮಾಡಿದ್ದು."

"ನೀವು ಮಾಡಿದ ಕೆಲಸಕ್ಕೆ ಇನ್ನೊಂದು ಸಲ ನೋಡೋದೇನಿದೆ? ಆದ್ರೂ ನೋಡ್ಬಿಡೋಣ. ಕೂತ್ಕೊಳ್ಳಿ ಒಳಗೆ. ಅಲ್ಲಿ ಅಲ್ಲ, ಈ ಕಡೆ. ಸೋರ್ತಾ ಇದ್ದದ್ದು ಈ ಕಡೆ ಅಲ್ವೇ?"

ಲಕ್ಷ್ಮಯ್ಯ ಕಾವೇರಮ್ಮನ ಸೀಟಿನಲ್ಲಿ ಕೂತ. ಕಾಲಿಗೆ ಏನೋ ತಗುಲಿತು. ಬಗ್ಗಿ ನೋಡಿದರೆ ಸ್ಟೀಲಿನ ಬೋಗುಣಿ. ಎಲ್ಲಿ ಇಡಬೇಕೋ ತಿಳಿಯದೆ ಅದನ್ನು ಮಡಿಲಲ್ಲಿಟ್ಟುಕೊಂಡ. ಶೀನಣ್ಣ ಹಿತ್ತಲಿನಿಂದ ಕೊಡ ತುಂಬಿ ತಂದು, ಸ್ಟೂಲು ಹತ್ತಿ, ಕಾರಿನ ನೆತ್ತಿಯ ಮೇಲೆ ನೀರು ಸುರಿದರು. ನೀರು ಗಾಜಿನ ತುಂಬ ಹರಿಯಿತು. ಆಚೆ ನಿಂತ ಮನುಷ್ಯ ಕಾಣದಾದ. ಇನ್ನೊಂದು ಕೊಡ ತಂದು ಸುರಿದರು, ಮತ್ತೊಂದು ತಂದು ಸುರಿದರು.

"ಹೇಗಿದೆ ಲಕ್ಷ್ಮಯ್ಯ?" ಹೊರಗಿನಿಂದ ಕೂಗಿ ಕೇಳಿದರು. "ಒಂದು ಹನಿ ಏನಾದ್ರೂ ಬಿತ್ತಾ?"

ಅವನು ಬೋಗುಣಿಯೊಳಗೆ ನೋಡಿದ. ಒಣಗಿತ್ತು.

"ಇಲ್ಲ ಸ್ವಾಮಿ," ಎಂದ. "ಒಂದು ಹನೀನೂ ಇಲ್ಲ."